ಮಂಡಿ ಆಪರೇಷನ್ ಆದವರಿಗೆ: ಮಡಚುವ ಚಿಂತೆ ಆಮೇಲೆ, ಮೊದಲು ಕಾಲು ನೆಟ್ಟಗಾಗಲಿ

ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ನಾರಿನ ಪಟ್ಟಿ) ಹರಿದು ಆಪರೇಷನ್ ಮಾಡಿಸಿಕೊಂಡು ಬಂದವರನ್ನು ನೋಡಲು ಬರುವವರೆಲ್ಲ ಕೇಳುವುದು ಒಂದೇ ಮಾತು: "ಮಡಚಕ್ಕೆ ಬರುತ್ತಾ?" ನಮ್ಮ ಮಲೆನಾಡಿನಲ್ಲಿ ಹಾಗೆ ಕೇಳುವುದು ಸಹಜವೇ. ನೆಲದ ಮೇಲೆ ಕೂತು ಊಟ, ಕೂತು ಅಡಿಕೆ ಸುಲಿಯುವುದು, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ, ಎಲ್ಲಕ್ಕೂ ಮಂಡಿ ಮಡಚಲೇಬೇಕು. ಆದರೆ ಮೊದಲ ವಾರಗಳಲ್ಲಿ ಕೇಳಬೇಕಾದ್ದು ಬೇರೆ. ಕಾಲು ಪೂರ್ತಿ ನೆಟ್ಟಗಾಗುತ್ತಾ? ಮಡಚುವುದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ನೆಟ್ಟಗೆ ಮಾಡುವುದನ್ನು ಆರಂಭದಲ್ಲಿ ಬಿಟ್ಟುಬಿಟ್ಟರೆ ಆಮೇಲೆ ತರುವುದು ಬಹಳ ಕಷ್ಟ. ಕೆಲವರಿಗೆ ಅದಕ್ಕಾಗಿಯೇ ಇನ್ನೊಂದು ಆಪರೇಷನ್ ಬೇಕಾಗುತ್ತದೆ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಪಿಇ ಟೀಚರ್. ವಾಲಿಬಾಲ್‌ನಲ್ಲಿ ಬ್ಲಾಕ್‌ಗೆ ಹಾರಿ ಇಳಿಯುವಾಗ ನನ್ನ ಎಡ ಮಂಡಿಯ ಎಸಿಎಲ್ ಹರಿಯಿತು. ಆಪರೇಷನ್ ಆಯಿತು, ಮತ್ತೆ ಆಡಿದೆ. ಆಮೇಲಿನಿಂದ ಕಬಡ್ಡಿ, ಥ್ರೋಬಾಲ್ ಆಡುವ ಹುಡುಗ ಹುಡುಗಿಯರು, ಅವರ ಅಮ್ಮಂದಿರು ನನ್ನನ್ನು ಕೇಳಿಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಸರ್ಜನ್ ಅಥವಾ ಫಿಸಿಯೋ (ಫಿಸಿಯೋಥೆರಪಿಸ್ಟ್) ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಬೇಕು. ಯಾಕೆಂದರೆ ಎಲ್ಲರ ಮಂಡಿಯ ಒಳಗೂ ಒಂದೇ ಕೆಲಸ ಆಗಿರುವುದಿಲ್ಲ. ಡಿಸ್ಚಾರ್ಜ್ ಕೊಡುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಎಸಿಎಲ್ ಜೊತೆ ಮೆನಿಸ್ಕಸ್ ಕೂಡ ಹೊಲಿದಿದ್ದೀರಾ?" ಮೆನಿಸ್ಕಸ್ ಅಂದರೆ ಮಂಡಿಯ ಎರಡು ಮೂಳೆಗಳ ನಡುವಿನ ಮೆತ್ತೆ. ಅದನ್ನು ಹೊಲಿದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ 90 ಡಿಗ್ರಿಗಿಂತ ಜಾಸ್ತಿ ಮಡಚಲು ಬಿಡುವುದಿಲ್ಲ, ಭಾರ ಊರುವುದಕ್ಕೂ ಮಿತಿ ಇರುತ್ತದೆ. ಪಕ್ಕದೂರಿನ ಹುಡುಗ ಮೂರನೇ ದಿನಕ್ಕೇ ಕಾಲೂರಿ ನಡೆದ ಅಂತ ನೀವೂ ನಡೆಯಬೇಕಾಗಿಲ್ಲ.

ಒಳಗೆ ಏನು ನಡೆಯುತ್ತಿದೆ

ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯ ನಡುಮಧ್ಯೆ ಕಟ್ಟಿ ಹಿಡಿದಿರುವ ಲಿಗಮೆಂಟೇ ಎಸಿಎಲ್. ಕಾಲೂರಿ ತಟ್ಟನೆ ತಿರುಗಿದಾಗ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚದಂತೆ ಅದು ತಡೆಯುತ್ತದೆ. ಇದು ಹರಿಯುವುದು ಹೆಚ್ಚಾಗಿ ಯಾರೋ ಮೈಮೇಲೆ ಬಿದ್ದು ಅಲ್ಲ. ಹಾರಿ ಇಳಿಯುವಾಗ, ಓಡುತ್ತಾ ಗಕ್ಕನೆ ನಿಂತು ದಿಕ್ಕು ಬದಲಿಸುವಾಗ. ಕಬಡ್ಡಿಯಲ್ಲಿ ರೇಡ್ ಮುಗಿಸಿ ತಿರುಗುವ ಗಳಿಗೆ ಇದೆಯಲ್ಲ, ಅದು. ಒಂದೇ ಆಟ ಆಡುವವರಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಈ ಪೆಟ್ಟು ಜಾಸ್ತಿ.

ಪೂರ್ತಿ ಹರಿದ ಎಸಿಎಲ್ಲನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ತೊಡೆಯ ಹಿಂಭಾಗದಿಂದಲೋ, ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ವಲ್ಪ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಅದಕ್ಕೆ ಗ್ರಾಫ್ಟ್ ಅನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಒಂಬತ್ತು ತಿಂಗಳು ಸುಲಭ. ಹೊಸದಾಗಿ ನೆಟ್ಟ ಅಡಿಕೆ ಸಸಿ ಮೇಲೆ ಹಸಿರಾಗಿ ಕಂಡರೂ ಬೇರು ಹಿಡಿದಿರುವುದಿಲ್ಲ, ಅಲ್ವಾ? ಗ್ರಾಫ್ಟ್ ಕೂಡ ಹಾಗೆ. ಅದರೊಳಗೆ ಹೊಸದಾಗಿ ರಕ್ತನಾಳ ಬೆಳೆಯಬೇಕು, ಹೊಸ ಜೀವಕೋಶ ತುಂಬಬೇಕು. ಅದಕ್ಕೆ ವರ್ಷವೇ ಬೇಕು, ಕೆಲವರಿಗೆ ಅದಕ್ಕಿಂತ ಜಾಸ್ತಿ. ನಡುವೆ, ಸುಮಾರು ಆರನೇ ವಾರದಿಂದ ಮೂರನೇ ತಿಂಗಳವರೆಗೆ, ಹಾಕಿದ ದಿನಕ್ಕಿಂತಲೂ ಅದರ ಬಲ ಕಡಿಮೆ ಇರುತ್ತದೆ. ನೋವು ಹೋಗುವುದೂ ಅದೇ ಹೊತ್ತಿಗೆ. ಊತ ಇಳಿದಿರುತ್ತದೆ, ನಡಿಗೆ ಸರಿಯಾಗಿರುತ್ತದೆ, ಮನೆಯವರು "ಈಗ ಆರಾಮಲ್ಲ" ಅನ್ನುತ್ತಾರೆ. ನಾನು ಅತಿ ಹೆಚ್ಚು ಹೆದರುವುದು ಆ ದಿನಗಳಿಗೆ.

ಆಸ್ಪತ್ರೆಗೆ ಹೋಗುವ ಮೊದಲು

ಎಸಿಎಲ್ ಆಪರೇಷನ್ನಿಗೆ ಸಾಮಾನ್ಯವಾಗಿ ಅವಸರ ಇರುವುದಿಲ್ಲ. ಪೆಟ್ಟಾದ ಮೇಲೆ ಊತ ಇಳಿದು, ಕಾಲು ನೆಟ್ಟಗಾಗಿ, ಕುಂಟದೆ ನಡೆಯುವಂತಾದ ಮೇಲೆ ಮಾಡಿಸಿಕೊಂಡವರು ಆಮೇಲೆ ಬೇಗ ಸುಧಾರಿಸುತ್ತಾರೆ. ಹಾಗಾಗಿ ದಿನಾಂಕಕ್ಕೆ ಕಾಯುವ ಹೊತ್ತನ್ನು ಸುಮ್ನೆ ಮಲಗಿ ಕಳೆಯಬೇಡಿ. ಮುಂದೆ ಹೇಳುವ ತೊಡೆಯ ವ್ಯಾಯಾಮಗಳನ್ನು ಆಗಲೇ ಶುರು ಮಾಡಿ. ಊರುಗೋಲಿನಲ್ಲಿ ನಡೆಯುವುದನ್ನೂ ಆಗಲೇ ಕಲಿಯಿರಿ. ನೋವಿನಲ್ಲಿ, ಮಂಪರಿನಲ್ಲಿ ಕಲಿಯುವುದಕ್ಕಿಂತ ಅದು ಎಷ್ಟೋ ವಾಸಿ.

ಖರ್ಚಿನ ವಿಚಾರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೇ, ರೆಫರಲ್ ಬೇಕೇ ಅಂತ ಮೊದಲೇ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ ಕೇಳುವುದು ಒಳ್ಳೆಯ ಆರಂಭ. ಇನ್ನೊಂದು ಮಾತು, ಆಪರೇಷನ್ನಿಗೆ ದುಡ್ಡು ಹೊಂದಿಸುವಾಗ ಫಿಸಿಯೋಗೂ ಎತ್ತಿಡಿ. ಆಪರೇಷನ್ ಒಂದು ದಿನದ ಕೆಲಸ. ಉಳಿದ ಕೆಲಸ ಪೂರ್ತಿ ಫಿಸಿಯೋದ್ದು ಮತ್ತು ನಿಮ್ಮದು.

ಮನೆಯಲ್ಲಿ ಮೊದಲು ನೋಡಬೇಕಾದ್ದು ಪಾಯಿಖಾನೆ. ಕುಕ್ಕರಗಾಲಲ್ಲಿ ಕೂರುವಂಥದ್ದಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ತನ್ನಿ. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬಾಡಿಗೆಗೂ ಸಿಗಬಹುದು, ವಿಚಾರಿಸಿ. ಬಚ್ಚಲುಮನೆಯಲ್ಲಿ ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ ಹಾಕಿ, ನೆಲದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೆಗೆಸಿ. ಹಳೇ ಮನೆಗಳ ಹೊಸಿಲು ಎತ್ತರ. ಊರುಗೋಲು ಅಲ್ಲೇ ತಗಲುವುದು. ಅದರ ಅಂಚಿಗೆ ಬಿಳಿ ಟೇಪ್ ಹಚ್ಚಿದರೆ ರಾತ್ರಿ ಕರೆಂಟು ಹೋದರೂ ಕಣ್ಣಿಗೆ ಬೀಳುತ್ತದೆ. ಚಾಪೆ ಬೇಡ, ಮಂಚದ ಮೇಲೆ ಮಲಗಿ. ನೆಲದಿಂದ ಏಳುವುದು ಆಪರೇಷನ್ ಆದ ಕಾಲಿಗೆ ದೊಡ್ಡ ಶಿಕ್ಷೆ.

ಮಳೆಗಾಲದಲ್ಲಿ ಆಪರೇಷನ್ ಇದ್ದರೆ ಅಂಗಳದ ವ್ಯವಸ್ಥೆ ಬೇರೆಯೇ ಆಗಬೇಕು. ನಮ್ಮಲ್ಲಿ ಜೂನ್ ದಾಟಿದರೆ ಅಂಗಳ ಪೂರ್ತಿ ಹಸಿರು ಪಾಚಿ. ನಡೆಯುವ ದಾರಿಗೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಕುವುದು ರೂಢಿ. ಆದರೆ ನೆನೆದ ದಬ್ಬೆಯ ಮೇಲೆ ಊರುಗೋಲಿನ ರಬ್ಬರ್ ತುದಿ ಜಾರುತ್ತದೆ, ಎರಡು ದಬ್ಬೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ದಾರಿಗೆ ಜಲ್ಲಿಪುಡಿ ಅಥವಾ ಮರಳು ಹರಡಿಸಿ. ರಬ್ಬರ್ ತುದಿ ಸವೆದಿದ್ದರೆ ಬದಲಾಯಿಸಿ. ಸಾಧ್ಯವಿದ್ದರೆ ಮೊದಲ ಕೆಲವು ವಾರ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿರಿ. ಫಿಸಿಯೋಗೆ ಹೋಗಿಬರುವುದೂ ಸುಲಭ. ಆಗದಿದ್ದರೆ ಜಗುಲಿಯೇ ನಿಮ್ಮ ಮೈದಾನ, ಅಂಗಳಕ್ಕೆ ಇಳಿಯಲೇಬೇಡಿ.

ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಪರೇಷನ್ ಆದರೆ ಬರುವ ದಾರಿಯನ್ನೂ ಯೋಚಿಸಿ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಸೀಟಿನಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಡ. ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು ಕಾಲು ಚಾಚಿ. ದಾರಿಯುದ್ದಕ್ಕೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ.

ಮೊದಲ ಎರಡು ವಾರ

ಈ ಎರಡು ವಾರದ ಗುರಿ ಮೂರೇ. ಊತ ಇಳಿಯಬೇಕು, ಕಾಲು ನೆಟ್ಟಗಾಗಬೇಕು, ತೊಡೆ ಎಚ್ಚರಗೊಳ್ಳಬೇಕು.

ಊತಕ್ಕೆ ಐಸ್, ಮತ್ತು ಕಾಲನ್ನು ಎದೆಗಿಂತ ಎತ್ತರದಲ್ಲಿಡುವುದು. ಖಾಲಿ ಹಾಲಿನ ಕವರ್ ತೊಳೆದು, ನೀರು ತುಂಬಿ ಕಟ್ಟಿ ಫ್ರೀಜರಿನಲ್ಲಿಡಿ. ಬೈರಾಸಿನಲ್ಲಿ ಸುತ್ತಿ ಒಂದು ಸಲಕ್ಕೆ 15ರಿಂದ 20 ನಿಮಿಷ ಇಟ್ಟರೆ ಸಾಕು. ಬರಿ ಚರ್ಮದ ಮೇಲೆ ಇಡಬೇಡಿ. ಡ್ರೆಸ್ಸಿಂಗ್ ಒದ್ದೆಯಾಗಬಾರದು. ಗಾಳಿಮಳೆಗೆ ಕರೆಂಟು ಹೋಗಿ ಎರಡು ದಿನ ಐಸ್ ಇಲ್ಲದಿದ್ದರೂ ಹೆದರಬೇಕಾಗಿಲ್ಲ. ಕಾಲು ಎತ್ತಿಡಿ, ಪಾದ ಆಡಿಸಿ, ಓಡಾಟ ಕಡಿಮೆ ಮಾಡಿ. ಅದರಿಂದಲೂ ಸಾಕಷ್ಟು ಇಳಿಯುತ್ತದೆ.

ಕಾಲು ಎತ್ತಿಡುವಾಗಲೇ ದೊಡ್ಡ ತೊಂದರೆ ಶುರುವಾಗುವುದು. ಅಮ್ಮಂದಿರು ಪ್ರೀತಿಯಿಂದ ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಡುತ್ತಾರೆ. ತುಂಬಾ ಹಿತ ಅನ್ನಿಸುತ್ತದೆ, ಯಾಕೆಂದರೆ ಊದಿದ ಮಂಡಿ ಸ್ವಲ್ಪ ಬಾಗಿಯೇ ಇರಲು ಬಯಸುತ್ತದೆ. ಹಾಗೇ ರಾತ್ರಿಯಿಡೀ ಬಿಟ್ಟರೆ ಬಾಗಿದಲ್ಲೇ ಬಿಗಿಯುತ್ತದೆ. ಮಂಡಿಯ ಕೆಳಗೆ ಏನನ್ನೂ ಇಡಬೇಡಿ. ದಿಂಬು ಹಿಮ್ಮಡಿಯ ಕೆಳಗಿರಲಿ. ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿ. ನಾನು ನೋಡಲು ಹೋದ ಮನೆಗಳಲ್ಲಿ ಮೊದಲು ಮಾಡುವ ಕೆಲಸವೇ ಆ ದಿಂಬು ತೆಗೆಯುವುದು.

ನೆಟ್ಟಗೆ ಮಾಡುವ ಕ್ರಮ ಹೀಗೆ. ಮಂಚದ ಮೇಲೆ ಕಾಲು ಚಾಚಿ ಕೂತುಕೊಳ್ಳಿ. ಕಂಬಳಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ. ಮೀನಖಂಡ, ಮಂಡಿ, ತೊಡೆ ಯಾವುದೂ ಹಾಸಿಗೆಗೆ ತಾಗಬಾರದು, ಗಾಳಿಯಲ್ಲಿರಬೇಕು. ಈಗ ಏನೂ ಮಾಡದೆ ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯಲು ಬಿಡಿ. ಮಂಡಿಯ ಹಿಂದೆ ಎಳೆದಂತಾಗುತ್ತದೆ. ಆ ಎಳೆತ ಇರಬೇಕು. ಐದು ನಿಮಿಷದಿಂದ ಶುರು ಮಾಡಿ ಹತ್ತಕ್ಕೆ ಒಯ್ಯಿರಿ, ದಿನಕ್ಕೆ ಹಲವು ಸಲ ಮಾಡಿ. ಸರಿಯಾಗುತ್ತಿದೆಯೇ ಅಂತ ನೋಡಲು ಕಂಬಳಿ ತೆಗೆದು ಕಾಲನ್ನು ಗಟ್ಟಿ ಮಂಚದ ಮೇಲೆ ಚಾಚಿ, ಮಂಡಿಯ ಹಿಂದೆ ಬೆರಳು ತೂರಿಸಿ ನೋಡಿ. ಒಳ್ಳೆಯ ಕಾಲಿನ ಕೆಳಗೂ ತೂರಿಸಿ ನೋಡಿ. ಎರಡೂ ಕಡೆ ಸಂದಿ ಒಂದೇ ಸಮ ಆಗುವವರೆಗೆ ಈ ಕೆಲಸ ಮುಗಿದಿಲ್ಲ. ಮೂರು ನಾಲ್ಕು ವಾರವಾದರೂ ಕೊನೆಯ ಸ್ವಲ್ಪ ಬರದೆ, ಮುಂಭಾಗದಲ್ಲಿ ಏನೋ ಅಡ್ಡ ಸಿಕ್ಕಂತೆ ಅನಿಸಿದರೆ ಸರ್ಜನ್‌ಗೆ ತೋರಿಸಿ. ಒಳಗೆ ಗಂಟಿನಂತೆ ಅಂಗಾಂಶ ಬೆಳೆದು ಅಡ್ಡ ಬಂದಿರಬಹುದು.

ಇನ್ನು ತೊಡೆ. ಮಂಡಿಯಲ್ಲಿ ನೀರು ತುಂಬಿದರೆ ತೊಡೆಯ ಮುಂಭಾಗದ ಸ್ನಾಯು ಕೆಲಸ ನಿಲ್ಲಿಸುತ್ತದೆ. ಅದು ನಿಮ್ಮ ಸೋಮಾರಿತನ ಅಲ್ಲ. ಊದಿದ ಮಂಡಿಯಿಂದ ಹೋಗುವ ಸಂದೇಶವೇ ಅದನ್ನು ತಡೆಯುತ್ತದೆ. ಮೊದಲ ದಿನ "ತೊಡೆ ಬಿಗಿ ಮಾಡಿ" ಅಂದರೆ ಎಷ್ಟು ಪ್ರಯತ್ನಿಸಿದರೂ ಏನೂ ಆಗುವುದಿಲ್ಲ. ಆ ಕಾಲು ತನ್ನದೇ ಅಲ್ಲ ಅನ್ನಿಸಿ ಅಳು ಬಂದವರನ್ನು ನೋಡಿದ್ದೇನೆ. ಹೀಗೆ ಮಾಡಿ. ಮಂಡಿಚಿಪ್ಪಿನ ಸ್ವಲ್ಪ ಮೇಲೆ, ಒಳಬದಿಗೆ, ಎರಡು ಬೆರಳು ಇಡಿ. ಇನ್ನೊಂದು ಕೈಯ ಬೆರಳನ್ನು ಒಳ್ಳೆಯ ಕಾಲಿನಲ್ಲಿ ಅದೇ ಜಾಗದಲ್ಲಿಡಿ. ಎರಡೂ ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ. ಒಳ್ಳೆಯ ಕಾಲಿನಲ್ಲಿ ಸ್ನಾಯು ಬೆರಳನ್ನು ಮೇಲಕ್ಕೆ ತಳ್ಳುವುದು, ಮಂಡಿಚಿಪ್ಪು ತೊಡೆಯ ಕಡೆಗೆ ಜರುಗುವುದು ಕಾಣುತ್ತದೆ. ಆಪರೇಷನ್ ಆದ ಕಾಲಿನಲ್ಲೂ ಅದೇ ಆಗಲಿ ಅಂತ ನೋಡುತ್ತಾ ಒತ್ತಿ. ಐದು ಎಣಿಸಿ ಬಿಡಿ, ಮತ್ತೆ ಒತ್ತಿ. ಒಂದು ಹೊತ್ತಿನಲ್ಲಿ ಬೆರಳಡಿ ಸಣ್ಣಗೆ ಅದುರುತ್ತದೆ. ಚಿಪ್ಪು ಒಂದೆಳೆ ಮೇಲೆ ಸರಿಯುತ್ತದೆ. ಅಲ್ಲಿಂದ ಮುಂದೆ ದಾರಿ ಇದೆ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಮಾಡಿ. ಸ್ವಲ್ಪವೂ ಬರದಿದ್ದರೆ ಫಿಸಿಯೋ ಸ್ನಾಯುವಿಗೆ ಸಣ್ಣ ಕರೆಂಟ್ ಕೊಡುವ ಯಂತ್ರ ಹಚ್ಚುತ್ತಾರೆ, ಬೇಡ ಅನ್ನಬೇಡಿ.

ಇದು ಬಂದ ಮೇಲೆ ಕಾಲನ್ನು ನೆಟ್ಟಗೆ ಇಟ್ಟು ಎತ್ತುವುದು. ಎತ್ತುವಾಗ ಮಂಡಿ ಸ್ವಲ್ಪ ಬಾಗಿ ಜೋತು ಬಿದ್ದರೆ ಇನ್ನೂ ಸಮಯ ಆಗಿಲ್ಲ ಅಂತ ಅರ್ಥ. ಬ್ರೇಸ್ (ಮಂಡಿಗೆ ಆಧಾರಕ್ಕೆ ಕಟ್ಟುವ ಪಟ್ಟಿ) ಮಡಚದಂತೆ ಲಾಕ್ ಮಾಡಿಕೊಂಡು ಎತ್ತಿ.

ಮಡಚುವುದಕ್ಕೆ ನಮ್ಮ ಹಳೇ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲದಷ್ಟು ಒಳ್ಳೆಯ ಜಾಗ ಇಲ್ಲ. ಕುರ್ಚಿಯಲ್ಲಿ ಕೂತು ಹಿಮ್ಮಡಿಯ ಕೆಳಗೆ ಮಡಚಿದ ಬಟ್ಟೆ ಇಡಿ. ಪಾದವನ್ನು ನಿಧಾನಕ್ಕೆ ಕುರ್ಚಿಯ ಅಡಿಗೆ ಜಾರಿಸಿ, ಮತ್ತೆ ಮುಂದಕ್ಕೆ ತನ್ನಿ. ಎರಡನೇ ವಾರದ ಹೊತ್ತಿಗೆ 90 ಡಿಗ್ರಿ ಬಂದರೆ ಸಾಕು. ಯಾರಾದರೂ ಕಾಲು ಹಿಡಿದು ಒತ್ತಿ ಮಡಚಲು ಬಂದರೆ ಒಪ್ಪಬೇಡಿ.

ಹೊಲಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಗಾಯದ ಪಕ್ಕ, ಮಂಡಿಯ ಹೊರಬದಿಗೆ, ಚರ್ಮ ಜೋಮು ಹಿಡಿದಂತೆ ಇರುತ್ತದೆ. ಸಣ್ಣ ನರ ಕತ್ತರಿಸಿದ್ದರಿಂದ ಹಾಗಾಗುವುದು, ಭಯ ಬೇಡ. ಮಳೆಗಾಲದಲ್ಲಿ ಬ್ರೇಸಿನ ಸ್ಪಂಜು ಒದ್ದೆಯಾಗಿ ವಾಸನೆ ಬಂದು ಚರ್ಮ ತುರಿಸುತ್ತದೆ. ಒಳಗೆ ಹಾಕುವ ಕಾಲುಚೀಲ ಎರಡು ಜೊತೆ ಇಟ್ಟುಕೊಂಡು ಬಚ್ಚಲೊಲೆಯ ಹತ್ತಿರ ಒಣಗಿಸಿ.

ಭಯಪಡಬೇಕಾದ್ದು ಇವಕ್ಕೆ. ಮೀನಖಂಡದಲ್ಲಿ ಹಿಂಡುವ ನೋವು, ಅದು ಊದಿ ಬಿಸಿಯಾಗುವುದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಡಲು ಕಷ್ಟ, ಎದೆನೋವು ಬಂದರೆ ಯೋಚಿಸದೆ 108ಕ್ಕೆ ಫೋನ್ ಮಾಡಿ. ಜ್ವರ ಬಂದು ಮಂಡಿ ಕೆಂಪಾಗಿ, ಗಾಯದಿಂದ ಕೀವು ಅಥವಾ ನೀರು ಸೋರಿದರೆ ಆಪರೇಷನ್ ಮಾಡಿದ ಡಾಕ್ಟರ್‌ಗೇ ತೋರಿಸಿ. ಊರಿನಲ್ಲೇ ಒಂದು ಇಂಜೆಕ್ಷನ್ ಹಾಕಿಸಿ ನೋಡೋಣ ಅಂತ ಕಾಯಬೇಡಿ.

ಪಥ್ಯ, ಎಣ್ಣೆ, ನಾಟಿ ಔಷಧಿ

ನಮ್ಮ ಹಿರಿಯರಿಗೆ ಗಾಯ ಅಂದ ಕೂಡಲೇ ನಂಜಿನ ಚಿಂತೆ. ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ ನಂಜು. ಕೊನೆಗೆ ಗಂಜಿ, ಉಪ್ಪಿನಕಾಯಿ ಮಾತ್ರ ಉಳಿಯುತ್ತದೆ. ಅವರ ಕಾಳಜಿ ದೊಡ್ಡದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಆಪರೇಷನ್ ಆದ ಕಾಲಿನ ತೊಡೆ ಕೆಲವೇ ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಕರಗುತ್ತದೆ. ಅದು ಮತ್ತೆ ಬೆಳೆಯಲು ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಮೀನು, ಕೋಳಿ ತಿನ್ನುವವರು ತಿನ್ನಲಿ. ತಿನ್ನದವರಿಗೆ ಹಾಲು, ಮೊಸರು, ಹೆಸರುಕಾಳು, ಕಡಲೆ, ಶೇಂಗಾ ಇದೆ. ಹುರುಳಿ ಸಾರು ಕುಡಿದರೆ ಸಾಲದು, ಬೆಂದ ಹುರುಳಿಕಾಳನ್ನೂ ತಿನ್ನಿ. ಸಾರು ಬಸಿದ ಮೇಲೂ ಪ್ರೋಟೀನ್ ಇರುವುದು ಕಾಳಿನಲ್ಲೇ. ಒಬ್ಬ ಹುಡುಗನ ಅಜ್ಜಿಗೆ ನಾನು "ಗಾಯ ಒಣಗಲೂ ಇದೇ ಬೇಕಂತೆ ಅಜ್ಜಿ, ಡಾಕ್ಟ್ರೇ ಹೇಳಿದ್ದು" ಅಂದೆ. ಮಾರನೇ ದಿನದಿಂದ ಅವರೇ ಎರಡು ಮೊಟ್ಟೆ ಬೇಯಿಸಿ ಕೊಡತೊಡಗಿದರು. ಬೀಡಿ, ಸಿಗರೇಟು ಮಾತ್ರ ಪೂರ್ತಿ ಬಿಡಿ. ಗಾಯವೂ ಗ್ರಾಫ್ಟೂ ಮಾಯುವುದನ್ನು ಅದು ತಡಮಾಡುತ್ತದೆ.

ಮಂಡಿಗೆ ಸೊಪ್ಪು ಅರೆದು ಕಟ್ಟುವುದು, ಬಿಸಿ ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಗಾಯದ ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ಮೀನಖಂಡವನ್ನು ಜೋರಾಗಿ ನೀವುವುದಂತೂ ಅಪಾಯ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು.

ಊರುಗೋಲು ಬಿಡುವುದು ಯಾವಾಗ

ಕುಂಟದೆ ನಡೆಯಲು ಬಂದ ಮೇಲೆ. ವಾರ ಎಣಿಸಿ ಬಿಡಬೇಡಿ. ಊರುಗೋಲು ಬಿಟ್ಟು ಕುಂಟುವುದಕ್ಕಿಂತ ಊರುಗೋಲು ಹಿಡಿದು ಸರಿಯಾಗಿ ನಡೆಯುವುದು ಮೇಲು. ಕುಂಟುವುದು ರೂಢಿಯಾದರೆ ಅದನ್ನು ಬಿಡಿಸಲು ತಿಂಗಳುಗಳೇ ಬೇಕು. ಹಿಮ್ಮಡಿ ಮೊದಲು ಊರಿ, ಆ ಗಳಿಗೆಯಲ್ಲಿ ಮಂಡಿ ನೆಟ್ಟಗಿರಲಿ, ಆಮೇಲೆ ಬೆರಳಿಗೆ ಭಾರ ಬರಲಿ. ಮೊದಲು ಒಂದು ಊರುಗೋಲು ಬಿಡಿ. ಉಳಿದದ್ದನ್ನು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ.

ಬಲಗಾಲಿನ ಆಪರೇಷನ್ ಆದವರು ನಾಲ್ಕರಿಂದ ಆರು ವಾರ ಗಾಡಿ ಓಡಿಸುವಂತಿಲ್ಲ. ಗಕ್ಕನೆ ಬ್ರೇಕ್ ಒತ್ತುವ ಬಲ ಬರಬೇಕು. ಬೈಕಿಗೆ ಇನ್ನೂ ಹೆಚ್ಚು ಕಾಯಿರಿ. ನಿಲ್ಲಿಸುವಾಗ ಗಾಡಿ ವಾಲಿದರೆ ಅಷ್ಟೂ ಭಾರವನ್ನು ಒಂದೇ ಕಾಲು ಹೊರಬೇಕಾಗುತ್ತದೆ.

ತೋಟಕ್ಕೆ ಇಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಇಳಿಜಾರು, ಉದುರಿದ ಅಡಿಕೆ ಹಾಳೆ, ಕೆಸರು, ಕಪ್ಪು (ತೋಟದ ಬಸಿಗಾಲುವೆ). ಒಂದೊಂದೂ ಕಾಲನ್ನು ತಿರುಚುವಂಥದ್ದೇ. ಒಂದೇ ಕಾಲಲ್ಲಿ ಅಲುಗಾಡದೆ ಅರ್ಧ ನಿಮಿಷ ನಿಲ್ಲಲು ಬರುವವರೆಗೆ ತೋಟ ಬೇಡ, ಕಾಲುಸಂಕ ದಾಟುವುದು ಬೇಡ. ನೆಲದಲ್ಲಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ಮೂರು ನಾಲ್ಕು ತಿಂಗಳು ಮನೆಯವರು ನಿಮ್ಮಿಂದ ಬಯಸಬಾರದು. ಅಡಿಕೆ ಕೊನೆಕೊಯ್ಲಿನ ಹೊತ್ತಿಗೇ ಆಪರೇಷನ್ ಇದ್ದರೆ ಇದನ್ನು ಅಪ್ಪಯ್ಯನ ಹತ್ತಿರ ಮೊದಲೇ ಮಾತಾಡಿ, ಆಳಿನ ವ್ಯವಸ್ಥೆ ಆಗಲಿ. ಪೂರ್ತಿ ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಫಿಸಿಯೋ ಒಪ್ಪಿದ ಮೇಲೆ, ನಿಧಾನಕ್ಕೆ.

ತೊಡೆಗೆ ಬಲ ತುಂಬುವ ತಿಂಗಳುಗಳು

ಆರನೇ ವಾರದಿಂದ ನಾಲ್ಕನೇ ತಿಂಗಳವರೆಗೆ ಮಾಡುವುದು ಬೇಸರದ ಕೆಲಸ. ಅದೇ ವ್ಯಾಯಾಮ, ಅದೇ ಎಣಿಕೆ. ಹೆಚ್ಚಿನವರು ಕೈಬಿಡುವುದು ಇಲ್ಲೇ, ಆಟಕ್ಕೆ ಮರಳುವವರು ಗೆಲ್ಲುವುದೂ ಇಲ್ಲೇ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ತುದಿಗಾಲಲ್ಲಿ ಏಳುವುದು. ಮಂಡಿ ಸುಮಾರು 110 ಡಿಗ್ರಿ ಮಡಚಿದರೆ ಸೈಕಲ್ ತುಳಿಯಬಹುದು, ಸ್ಟ್ಯಾಂಡ್ ಹಾಕಿ ನಿಂತಲ್ಲೇ. ಸೀಟು ಎತ್ತರ ಇರಲಿ. ಭಾರ ಬೇಕಾದಾಗ ಶಾಲೆಯ ಬ್ಯಾಗಿನಲ್ಲಿ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ಪೇಟೆಯಲ್ಲಿರುವವರು ಜಿಮ್ಮಿನ ಲೆಗ್ ಪ್ರೆಸ್ ಬಳಸಿ. ತೊಡೆಯ ಹಿಂಭಾಗದಿಂದ ಗ್ರಾಫ್ಟ್ ತೆಗೆದಿದ್ದರೆ ಮೊದಲ ವಾರಗಳಲ್ಲಿ ಗಕ್ಕನೆ ಬಗ್ಗಿ ಅದನ್ನು ಎಳೆಯಬೇಡಿ.

ಎಷ್ಟು ಮಾಡಬೇಕು ಅಂತ ಮಂಡಿಯೇ ಹೇಳುತ್ತದೆ. ದರ್ಜಿಯ ಟೇಪಿನಿಂದ ಮಂಡಿಚಿಪ್ಪಿನ ನಡುವೆ ಸುತ್ತಳತೆ ತೆಗೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳಿಗ್ಗೆ ಎದ್ದ ಕೂಡಲೇ ಅಳೆಯಿರಿ. ಹಿಂದಿನ ದಿನಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಆಗಿದ್ದರೆ ನಿನ್ನೆಯ ಕೆಲಸ ಜಾಸ್ತಿಯಾಯಿತು. ಇವತ್ತು ಅರ್ಧ ಮಾಡಿ. ಸ್ನಾಯು ನೋಯುವುದು ಸರಿ, ಮಂಡಿ ಊದುವುದು ಸರಿಯಲ್ಲ.

ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಜಗುಲಿಯ ಕೆಳಗಿನ ಮೆಟ್ಟಿಲಿನ ಮೇಲೆ ಆಪರೇಷನ್ ಆದ ಕಾಲಲ್ಲಿ ನಿಲ್ಲಿ. ಇನ್ನೊಂದು ಕಾಲಿನ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಿ, ಊರದೆ ಮೇಲೆ ಬನ್ನಿ. ಎದುರಿನಿಂದ ತಮ್ಮನೋ ತಂಗಿಯೋ ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಆಮೇಲೆ ನೋಡಿ. ಇಳಿಯುವಾಗ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇದೆಯೇ, ಅಥವಾ ಇನ್ನೊಂದು ಮಂಡಿಯ ಕಡೆಗೆ ಒಳಕ್ಕೆ ವಾಲುತ್ತಿದೆಯೇ? ಸೊಂಟ ಒಂದು ಕಡೆ ಕುಸಿಯುತ್ತಿದೆಯೇ? ಮಂಡಿ ಒಳಕ್ಕೆ ವಾಲುವ ಆ ಭಂಗಿಯಲ್ಲೇ ಎಸಿಎಲ್ ಹರಿಯುವುದು. ವಿಡಿಯೋದಲ್ಲಿ ಕಂಡರೆ ಹೇಳಿ ತಿದ್ದುವ ಅಗತ್ಯವೇ ಇರುವುದಿಲ್ಲ, ಹುಡುಗರು ತಾವೇ ತಿದ್ದಿಕೊಳ್ಳುತ್ತಾರೆ. ಹುಡುಗಿಯರಿಗೆ ಇದನ್ನು ಪೆಟ್ಟಾಗುವ ಮೊದಲೇ ಮಾಡಿಸುತ್ತೇನೆ.

ಮತ್ತೆ ಆಟಕ್ಕೆ

ಓಟ ಶುರು ಮಾಡುವುದು ಮೂರು ನಾಲ್ಕು ತಿಂಗಳ ಮೇಲೆ, ಅದೂ ಊತ ಇಲ್ಲದೆ, ತೊಡೆಗೆ ಬಲ ಬಂದಿದ್ದರೆ. ಸಮತಟ್ಟಾದ ಮೈದಾನದಲ್ಲಿ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಮ್ಮ ಏರುತಗ್ಗಿನ ರಸ್ತೆ ಬೇಡ, ಇಳಿಜಾರಿನ ಓಟ ಮಂಡಿಗೆ ಭಾರ. ಆಮೇಲೆ ಎರಡು ಕಾಲಲ್ಲಿ ಹಾರಿ ಇಳಿಯುವುದು, ಆಮೇಲೆ ಒಂದು ಕಾಲು, ಆಮೇಲೆ ದಿಕ್ಕು ಬದಲಿಸುವುದು. ಪ್ರತಿಯೊಂದರ ನಡುವೆ ವಾರಗಳು ಹಿಡಿಯುತ್ತವೆ.

ಪಂದ್ಯಕ್ಕೆ ಒಂಬತ್ತು ತಿಂಗಳಿಗೆ ಮೊದಲು ಬೇಡ. ಇದು ನನ್ನ ಹಟ ಅಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮಂಡಿಗೆ ಮತ್ತೆ ಪೆಟ್ಟಾಗುವುದು 51 ಶೇಕಡಾದಷ್ಟು ಕಡಿಮೆಯಾಗಿತ್ತು. ತಿಂಗಳಿಗೆ ಅರ್ಧ! ಒಳ್ಳೆಯ ಸರ್ಜನ್, ಫಿಸಿಯೋ ಎಲ್ಲ ಪಕ್ಕದಲ್ಲೇ ಇದ್ದ ರಿಷಭ್ ಪಂತ್‌ನನ್ನೇ ನೋಡಿ. 2022ರ ಡಿಸೆಂಬರ್ 30ರಂದು ಕಾರು ಅಪಘಾತವಾಗಿ ಮಂಡಿಯ ಲಿಗಮೆಂಟ್ ಆಪರೇಷನ್ ಆಯಿತು. ಮತ್ತೆ ಪಂದ್ಯ ಆಡಿದ್ದು 2024ರ ಮಾರ್ಚ್‌ನ ಐಪಿಎಲ್‌ನಲ್ಲಿ. ಅವನ ಪೆಟ್ಟು ಇನ್ನೂ ದೊಡ್ಡದು, ಒಪ್ಪುತ್ತೇನೆ. ಆದರೂ ಅಷ್ಟು ಕಾಯಲು ಅವನಿಗೆ ಆಯಿತು.

ತಿಂಗಳು ತುಂಬಿದರೆ ಮಾತ್ರ ಸಾಲದು, ಪರೀಕ್ಷೆಯನ್ನೂ ಪಾಸು ಮಾಡಬೇಕು. ಒಂದೇ ಕಾಲಲ್ಲಿ ಹಾರಿ ಅದೇ ಕಾಲಲ್ಲಿ ಇಳಿದು, ಎಷ್ಟು ದೂರ ಅಂತ ಟೇಪ್ ಹಿಡಿದು ಅಳೆಯಿರಿ. ಒಳ್ಳೆಯ ಕಾಲು 150 ಸೆಂಟಿಮೀಟರ್ ಹಾರಿದರೆ ಆಪರೇಷನ್ ಆದ ಕಾಲು ಕನಿಷ್ಠ 135 ಹಾರಬೇಕು. ಅಂದರೆ 90 ಶೇಕಡಾ. ಇಳಿದಾಗ ಓಲಾಡಬಾರದು. ತೊಡೆಯ ಬಲವೂ ಅಷ್ಟೇ ಇರಬೇಕು, ಅದನ್ನು ಫಿಸಿಯೋ ಅಳೆಯುತ್ತಾರೆ. ಒಳ್ಳೆಯ ಕಾಲನ್ನೂ ಮರೆಯಬೇಡಿ. ಒಂದು ಸಲ ಎಸಿಎಲ್ ಹರಿದವರಿಗೆ ಇನ್ನೊಂದು ಮಂಡಿಗೂ ಅದೇ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ.

ಕಷ್ಟ ಬರುವುದು ಟೂರ್ನಮೆಂಟ್ ಶುರುವಾದಾಗ. ದೀಪಾವಳಿ ಕಳೆದು ಗದ್ದೆ ಒಣಗಿದರೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಮೈಕ್ ಕಿವಿಗೆ ಬೀಳುತ್ತದೆ, ತಂಡದವರು ಮನೆಗೇ ಬರುತ್ತಾರೆ. "ಒಂದು ರೇಡ್ ಮಾಡು ಮಾರಾಯ, ಸುಮ್ನೆ ನಿಂತ್ಕೊಂಡ್ರೂ ಸಾಕು." ಕಬಡ್ಡಿಯಲ್ಲಿ ಸುಮ್ನೆ ನಿಲ್ಲುವುದು ಅಂತ ಇಲ್ಲ. ಹುಡುಗರಿಗೆ ನಾನು ಹೇಳಿಕೊಡುವುದು ಒಂದು ಉತ್ತರ: "ಟೆಸ್ಟ್ ಆಗಿಲ್ಲ, ಡಾಕ್ಟ್ರು ಬರೆದುಕೊಟ್ಟಿಲ್ಲ." ವಾದಕ್ಕೆ ಹೋಗಬೇಡಿ. ಸ್ಕೋರ್ ಬರೆಯಲು ಕೂತುಕೊಳ್ಳಿ, ಲೈನ್ ಅಂಪೈರ್ ಆಗಿ, ಚಿಕ್ಕವರಿಗೆ ಹೇಳಿಕೊಡಿ. ತಂಡದಿಂದ ಪೂರ್ತಿ ದೂರ ಉಳಿದವರ ಮನಸ್ಸು ಬೇಗ ಸೋಲುತ್ತದೆ. ಮಂಡಿ ಸರಿಯಾಗಿ, ಪರೀಕ್ಷೆ ಪಾಸಾಗಿ, ಆದರೂ ಹಾರಲು ಹೆದರಿಕೆ ಆದರೆ ಅದೂ ಪೆಟ್ಟಿನ ಭಾಗವೇ. ಫಿಸಿಯೋಗೆ ಬಾಯಿಬಿಟ್ಟು ಹೇಳಿ. ಹೆದರಿಕೆ ಇಟ್ಟುಕೊಂಡು ಆಡುವವರು ಕಾಲನ್ನು ಬಿಗಿಹಿಡಿದು ಇಳಿಯುತ್ತಾರೆ, ಅದು ಇನ್ನೂ ಅಪಾಯ.

ಮೊದಲು ತಂಡದ ಜೊತೆ ಪೂರ್ತಿ ಪ್ರಾಕ್ಟೀಸ್ ಮಾಡಿ, ಹಲವು ವಾರ. ಆಮೇಲೆ ಪಂದ್ಯದ ಸ್ವಲ್ಪ ಹೊತ್ತು, ದಣಿವಾಗುವ ಮೊದಲೇ ಹೊರಗೆ. ಆಮೇಲೆ ಪೂರ್ತಿ ಪಂದ್ಯ. ಫಿಫಾ 11+ ಅನ್ನುವ ವಾರ್ಮಪ್ ಇದೆ, ಸುಮಾರು 20 ನಿಮಿಷದ್ದು. ಫುಟ್‌ಬಾಲ್‌ಗೆ ಮಾಡಿದ್ದಾದರೂ ಅದರಲ್ಲಿರುವ ಹಾರಿ ಇಳಿಯುವ, ಒಂದೇ ಕಾಲಲ್ಲಿ ನಿಲ್ಲುವ ವ್ಯಾಯಾಮಗಳು ಕಬಡ್ಡಿ, ವಾಲಿಬಾಲ್‌ಗೂ ಹೊಂದುತ್ತವೆ. ಪ್ರತಿ ಪ್ರಾಕ್ಟೀಸಿಗೂ ಮೊದಲು ಇಡೀ ತಂಡಕ್ಕೆ ಮಾಡಿಸಿ. ತೊಡೆಯ ವ್ಯಾಯಾಮವನ್ನು ಆಡುವಷ್ಟು ವರ್ಷವೂ ವಾರಕ್ಕೆ ಎರಡು ಮೂರು ಸಲ ಮುಂದುವರಿಸಿ. ರಾತ್ರಿ ಹತ್ತರ ಮೇಲೆ ಇಬ್ಬನಿ ಬಿದ್ದು ಮಣ್ಣಿನ ಕೋರ್ಟ್ ಜಾರತೊಡಗಿದರೆ ರೆಫರಿಗೆ ಹೇಳಿ ಮರದ ಹೊಟ್ಟು ಹಾಕಿಸಿ. ಅವರು ಒಪ್ಪದಿದ್ದರೆ ಆ ಪಂದ್ಯಕ್ಕೆ ಇಳಿಯಬೇಡಿ.